ಹನ್ನೊಂದು ರಾತ್ರಿಯ ಕತ್ತಲು

ಪಕ್ಕದ ಹೊಲದ ಶಾಮಲಮ್ಮ ಬೇರು ಸಮೇತ ಕಿತ್ತ ಸೇವಂತಿಗೆ ಗಿಡವೊಂದನ್ನು ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಮುರಳಿಮೋಹನ್ ಹಲ್ಲುಜ್ಜುತ್ತಿದ್ದ. ಗಿಡ ಗೇಣುದ್ದವೂ ಇರಲಿಲ್ಲ. ತುದಿಯಲ್ಲಿ ಮೆಣಸಿನ ಕಾಳಿನಷ್ಟೇ ದಪ್ಪದ ಹಸಿರು ಗುಂಡಿಗಳು ನಾಲ್ಕೈದು ಇದ್ದವು. ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ಎಲ್ಲ ತಿಳಿದುಹೋಯಿತು. ಬಾಯಲ್ಲಿದ್ದ ನೊರೆಯನ್ನು ಉಗಿಯಲು ಮರೆತು ನುಂಗಿಬಿಟ್ಟ.

"ನೋಡಪ್ಪ ಮುರಳಿ, ಇದೇನು ಹೇಳು."

"ಮೊಗ್ಗಲ್ವಾ ಅಕ್ಕ."

"ಮೊಗ್ಗೇ. ಮೊಣಕಾಲುದ್ದ ಬೆಳೀಬೇಕಾದ ಗಿಡ ಗೇಣುದ್ದಕ್ಕೇ ಮೊಗ್ಗಿಟ್ಟು ಕೂತಿದೆ. ಒಂದು ಸಾಲಲ್ಲ, ಎಲ್ಲಾ ಸಾಲೂ. ಬಸುರಿಯಾಗೋ ವಯಸ್ಸೇನಪ್ಪ ಇದು?"

ಅವನು ನಗಲು ನೋಡಿದ. ಆಗಲಿಲ್ಲ.

"ರಾತ್ರಿಯೆಲ್ಲಾ ನಿನ್ನ ಫಿರಂಗಿ ಇಟ್ಕೊಂಡು ಕೂತಿರ್ತೀಯಲ್ಲ, ನೀನೇ ಹೇಳು. ನಮ್ಮ ಲೈಟ್ ಸರಿಯಾಗಿ ಉರೀತಿತ್ತಾ?"

"ನಾನು ಮೇಲೆ ನೋಡ್ತಿರ್ತೀನಿ ಅಕ್ಕ," ಎಂದ ಮುರಳಿ. "ಕೆಳಗಡೆ ಗಮನ ಇರಲ್ಲ."

ಅವಳು ತಲೆಯಾಡಿಸಿ ಹೊರಟುಹೋದಳು. ಅವಳು ಬೇಲಿ ದಾಟಿ ಮರೆಯಾಗುವವರೆಗೂ ಅವನು ಬ್ರಷ್ ಹಿಡಿದುಕೊಂಡು ಹಾಗೇ ನಿಂತಿದ್ದ.

ತಾಯಲೂರಿನ ಈ ಅಂಚಿನಲ್ಲಿ ಸೇವಂತಿಗೆ ಹೇಗೆ ಬೆಳೆಯುತ್ತಾರೆ ಎಂಬುದು ಮುರಳಿಗೆ ಗೊತ್ತಿಲ್ಲದ ವಿಷಯವಲ್ಲ. ಇರುಳು ಉದ್ದವಾದರೆ ಸೇವಂತಿಗೆ ಮೊಗ್ಗು ಬಿಡುತ್ತದೆ. ಚಳಿಗಾಲದಲ್ಲಿ ನೆಟ್ಟವರು ಅದಕ್ಕೆ ಮೋಸ ಮಾಡಬೇಕು. ಹೊಲದ ತುಂಬ ಗೂಟ ನೆಟ್ಟು, ತಂತಿ ಎಳೆದು, ಬಲ್ಬು ಕಟ್ಟಿ, ರಾತ್ರಿ ಹತ್ತರಿಂದ ಎರಡರವರೆಗೆ ಉರಿಸಬೇಕು. ಇರುಳು ನಡುವೆ ಮುರಿದುಹೋಗಿ, ಇದಿನ್ನೂ ಬೇಸಿಗೆಯೆಂದು ನಂಬಿ ಗಿಡ ಸುಮ್ಮನೆ ಎತ್ತರಕ್ಕೆ ಬೆಳೆಯುತ್ತದೆ. ಸಾಕಷ್ಟು ಬೆಳೆದ ಮೇಲೆ ಬಲ್ಬು ಆರಿಸಿದರೆ ಯುಗಾದಿಯ ಹೊತ್ತಿಗೆ ಹೊಲವೆಲ್ಲ ಒಮ್ಮೆಲೇ ಹೂವು. ಶಾಮಲಮ್ಮ ಗಂಡ ಸತ್ತ ಮೇಲೂ ಒಂಬತ್ತು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಳು. ದೀಪ ಹಾಕುವುದು, ಆರಿಸುವುದು ಅವಳ ತಮ್ಮ ವೆಂಕಟ್‌ನ ಕೆಲಸ. ಮೂವತ್ತೆರಡು ವರ್ಷದ ವೆಂಕಟ್‌ಗೆ ಮದುವೆಯಾಗಿರಲಿಲ್ಲ. ಸಂಜೆಗೊಂದು ಪ್ಯಾಕೆಟ್ ಮದ್ಯ ಕುಡಿಯುತ್ತಿದ್ದನೇ ಹೊರತು ಬೇರೆ ದೂರಿರಲಿಲ್ಲ.

ಸ್ವಿಚ್ಚಿನ ಪೆಟ್ಟಿಗೆ ಮಾತ್ರ ಮುರಳಿಯ ಹಿತ್ತಲಿನಲ್ಲಿತ್ತು. ಅವನ ಅಪ್ಪ ಪಕ್ಕದ ಹೊಲವನ್ನು ಶಾಮಲಮ್ಮನ ಗಂಡನಿಗೆ ಮಾರಿದಾಗಿನಿಂದ ಬೋರ್‌ವೆಲ್ ಇಬ್ಬರಿಗೂ ಸೇರಿದ್ದು. ಮೀಟರು, ತಂತಿಗಳೆಲ್ಲ ಅವನ ಪಂಪಿನ ಕೋಣೆಯ ಗೋಡೆಯ ಮೇಲೇ ಇದ್ದವು. ಅಲ್ಲಿಂದ ಹತ್ತು ಹೆಜ್ಜೆಯ ದೂರದಲ್ಲಿ, ಸಿಮೆಂಟಿನ ಮೋಟು ಕಂಬದ ಮೇಲೆ, ನೀಲಿ ಟಾರ್ಪಾಲು ಹೊದ್ದುಕೊಂಡು ಅವನ ದೂರದರ್ಶಕ ಕೂತಿತ್ತು.

ಅದನ್ನು ಮಾಲೂರಿನ ಕಾರ್ಖಾನೆಯೊಂದರ ಎಂಜಿನಿಯರು ಊರು ಬಿಡುವಾಗ ಅವನಿಗೆ ಮಾರಿದ್ದರು. ಗಿಡ್ಡಗೆ, ದಪ್ಪಗೆ, ಹಾಲಿನ ಕ್ಯಾನಿನಂತೆ ಇತ್ತು. ಎಲ್ಲರ ದೂರದರ್ಶಕದಲ್ಲಿ ಕ್ಯಾಮೆರಾ ಹಿಂದೆ ಇದ್ದರೆ ಇದರಲ್ಲಿ ಮುಂದೆ, ಗಾಜಿನ ನಟ್ಟನಡುವೆ. ಇದು ವೇಗದ ಯಂತ್ರ. ಬೇರೆಯವರು ಹಲವು ರಾತ್ರಿ ಕಾದು ಕೂಡಿಸುವಷ್ಟು ಬೆಳಕನ್ನು ಇದು ಒಂದು ಗಂಟೆಯಲ್ಲಿ ಬಾಚಿಕೊಳ್ಳುತ್ತದೆ. ಮುಳಬಾಗಿಲಿನ ನರ್ಸಿಂಗ್ ಹೋಮಿನಲ್ಲಿ ಹಗಲೆಲ್ಲ ಜನರ ಎಲುಬಿನ ಎಕ್ಸ್‌ರೇ ತೆಗೆಯುವ ಮುರಳಿಗೆ, ರಾತ್ರಿ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ನೀಹಾರಿಕೆಯೊಂದು ಎರಡೇ ನಿಮಿಷಕ್ಕೆ ಮೂಡಿದ್ದನ್ನು ಮೊದಲ ಸಲ ಕಂಡಾಗ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಆ ಯಂತ್ರಕ್ಕೆ ಯಾವ ಬೆಳಕು ಬೇಕು, ಯಾವುದು ಬೇಡ ಎಂಬ ಭೇದವಿರಲಿಲ್ಲ. ಆಕಾಶದ ಬೆಳಕಿನಷ್ಟೇ ಆತುರದಿಂದ ಶಾಮಲಮ್ಮನ ಬಲ್ಬುಗಳ ಬೆಳಕನ್ನೂ ಅದು ಕುಡಿಯುತ್ತಿತ್ತು.

ಅವನಿಗೆ ಬೇಕಾಗಿದ್ದುದು ಕುದುರೆತಲೆ ನೀಹಾರಿಕೆ. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಕೊನೆಯಲ್ಲಿ, ಕೆಂಪು ಹೊಗೆಯ ಮುಂದೆ ತಲೆಯೆತ್ತಿ ನಿಂತ ಕಪ್ಪು ಧೂಳಿನ ರಾಶಿ. ಡಿಸೆಂಬರಿನ ಮೊದಲ ವಾರ ತೆಗೆದ ಚಿತ್ರದಲ್ಲಿ ಎಡಭಾಗವೆಲ್ಲ ಹಳದಿಯಾಗಿ, ಕುದುರೆ ಅರ್ಧ ಕರಗಿಹೋಗಿತ್ತು. ಅಮಾವಾಸ್ಯೆ ಹತ್ತಿರ ಬಂತು. ಒಂದು ದಿನ ಹತ್ತಕ್ಕೆ ವೆಂಕಟ್ ಬಂದು ಸ್ವಿಚ್ ಹಾಕಿ, ಬದುವಿನ ಮೇಲೆ ಟಾರ್ಚ್ ಬಿಟ್ಟುಕೊಂಡು ಹೊಲದಾಚೆಯ ತನ್ನ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡಕ್ಕೆ ಅಲಾರಂ ಹೊಡೆಯುವವರೆಗೂ ಅವನು ಏಳುವುದಿಲ್ಲ. ಶಾಮಲಮ್ಮ ನಸುಕಿಗೇ ಮಾರ್ಕೆಟ್ಟಿಗೆ ಹೋಗುವವಳು, ಒಂಬತ್ತಕ್ಕೆಲ್ಲ ಮಲಗಿರುತ್ತಾಳೆ. ಮುರಳಿ ಪಂಪಿನ ಕೋಣೆಗೆ ಹೋಗಿ ಸ್ವಿಚ್ ಆರಿಸಿದ. ಹೊಲ ಒಂದೇ ಸಲಕ್ಕೆ ಬಾವಿಗೆ ಬಿದ್ದಂತೆ ಕಾಣೆಯಾಯಿತು. ತಲೆಯೆತ್ತಿದರೆ ನಕ್ಷತ್ರಗಳು ಹೆಂಚಿನವರೆಗೂ ಇಳಿದುಬಂದಿದ್ದವು.

ಒಂದು ರಾತ್ರಿ ಸಾಕೆಂದುಕೊಂಡಿದ್ದ. ಹನ್ನೊಂದು ರಾತ್ರಿಯಾಯಿತು.

ಅವನೇನೂ ಕೆಟ್ಟವನಲ್ಲ. ಲೆಕ್ಕ ಹಾಕಿಯೇ ಮಾಡಿದ್ದ. ಅವನ ಕಸುಬಿನಲ್ಲೂ, ಅವನ ಹುಚ್ಚಿನಲ್ಲೂ ಬೆಳಕು ಎಂದರೆ ಕೂಡಿಸುವ ವಸ್ತು. ಸೋಮವಾರದ ಎರಡು ಗಂಟೆ, ಗುರುವಾರದ ಮೂರು ಗಂಟೆ, ಎಲ್ಲ ಒಂದರ ಮೇಲೊಂದು ಪೇರಿಸಿದರೆ ಒಂದೇ ಚಿತ್ರ. ಗಿಡವೂ ಹಾಗೇ ಕೂಡಿಸುತ್ತದೆ ಎಂದುಕೊಂಡ. ಚಂದ್ರ ತಿರುಗಿ ದೊಡ್ಡದಾಗಿ ಫೋಟೋ ತೆಗೆಯಲಾಗದ ದಿನಗಳು ಬಂದಾಗ ಕದ್ದ ಬೆಳಕನ್ನೆಲ್ಲ ವಾಪಸು ಕೊಟ್ಟ. ಎರಡಕ್ಕೆ ವೆಂಕಟ್ ಆರಿಸಿ ಹೋದ ಮೇಲೆ ಮತ್ತೆ ಹಾಕಿ, ಐದರವರೆಗೆ ಉರಿಸುತ್ತಿದ್ದ. ಕೊಟ್ಟದ್ದು ತೆಗೆದುಕೊಂಡದ್ದಕ್ಕೆ ಸರಿಹೋಗುವವರೆಗೂ ಬಿಡಲಿಲ್ಲ. ಆದರೆ ಸೇವಂತಿಗೆ ಕೂಡಿಸುವುದಿಲ್ಲ. ಅದು ಪ್ರತಿ ಇರುಳನ್ನೂ ಬೇರೆಯಾಗಿಯೇ ಅಳೆಯುತ್ತದೆ. ಒಂದರ ಹಿಂದೊಂದು ಹನ್ನೊಂದು ಉದ್ದದ ಇರುಳು ಸಿಕ್ಕಿದ್ದೇ ತಡ, ಅದು ಮೊಗ್ಗಿಗೆ ಮನಸ್ಸು ಮಾಡಿಬಿಟ್ಟಿತ್ತು.

ಸಂಜೆ ಕೆಲಸದಿಂದ ಬಂದಾಗ ಹೊಲದಲ್ಲಿ ಜಗಳ ನಡೆಯುತ್ತಿತ್ತು. ಮುರಳಿ ಬೈಕು ನಿಲ್ಲಿಸಿ, ಬೇಲಿಯ ಈಚೆಗೇ ನಿಂತು ಕೇಳಿದ.

"ಹತ್ತಕ್ಕೆ ಹಾಕಿದೀನಿ ಅಕ್ಕ. ಒಂದು ದಿನಾನೂ ತಪ್ಪಿಲ್ಲ."

"ಹಾಕಿದ್ಯಪ್ಪ ರಾಜ, ಯಾರು ಇಲ್ಲ ಅಂದ್ರು? ಹಾಕಿ ಎಷ್ಟೊತ್ತಿಗೆ ಆರಿಸ್ದೆ?"

ವೆಂಕಟ್ ನೆಲ ನೋಡಿದ.

"ಬೊಗಳೋ! ಕುಡ್ದು ಬಿದ್ಕೊಂಡಿದ್ಯಾ? ಹಾಕಿದ ಕೈಯಲ್ಲೇ ಆರಿಸಿ ಹೋದ್ಯಾ?"

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ವಂತೆ! ಕೇಳಿದ್ಯಾ ಮುರಳಿ, ಗೊತ್ತಿಲ್ವಂತೆ ಈ ಮಾರಾಯನಿಗೆ." ಅವಳು ಅವನನ್ನು ನೋಡಿಬಿಟ್ಟಿದ್ದಳು. "ಬಾ ಇಲ್ಲಿ. ನಿನ್ನ ಗೋಡೇಲಿರೋ ಸ್ವಿಚ್ಚು. ಮುಟ್ಟೋರು ಮೂರೇ ಜನ. ನಾನು, ಇವನು, ನೀನು. ಭಾನುವಾರ ಟೆಂಪೋ ಮಾಡ್ತೀನಿ. ಮೂರೂ ಜನ ಕಾಣಿಪಾಕಕ್ಕೆ ಹೋಗಣ. ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೇಲಿ ವಿನಾಯಕನ ಮುಂದೆ ನಿಂತು ಪ್ರಮಾಣ ಮಾಡಣ. ಇವನು ಮಾಡಿದ್ರೆ ನನ್ನ ಮನೇಲಿರ್ತಾನೆ, ನಾನು ಇನ್ನೊಂದು ಮಾತು ಕೇಳಲ್ಲ. ಮಾಡ್ದೆ ಹೋದ್ರೆ ಅಲ್ಲಿಂದಲೇ ಎಲ್ಲಾದ್ರೂ ಹೋಗ್ಲಿ."

"ನಾನ್ಯಾಕಕ್ಕ?" ಎಂದ ಮುರಳಿ.

"ನೀನು ಬಂದ್ರೆ ಇವನಿಗೆ ಒಬ್ಬನ್ನೇ ಹಿಡ್ಕೊಂಡ್ರು ಅಂತ ಅನ್ಸಲ್ಲ. ಅಷ್ಟೇ ಕಣಪ್ಪ. ನಿನ್ನ ಮೇಲೆ ನಂಗೇನು ಅನುಮಾನ?"

ಆ ಭಾಗದ ಹಳ್ಳಿಗಳಲ್ಲಿ ಹಸು ಕಳುವಾದರೆ, ಬದು ಸರಿಸಿದರೆ, ಕೊನೆಯ ಮಾತು ಕಾಣಿಪಾಕವೇ. ಅಲ್ಲಿ ಸುಳ್ಳಾಡಿ ಬದುಕಿದವರಿಲ್ಲ ಎಂದು ನಂಬುವವರ ನಡುವೆಯೇ ಮುರಳಿ ಬೆಳೆದಿದ್ದ. ಅವನಿಗೆ ನಂಬಿಕೆಯಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲೇ ಅದನ್ನು ಬಿಟ್ಟಿದ್ದ. ಹೆದರಲು ಕಾರಣವೇ ಇಲ್ಲ ಎಂದು ನಾಲ್ಕು ದಿನ ತನಗೆ ತಾನೇ ಹೇಳಿಕೊಂಡ. ಮೂವರೂ ಆಣೆ ಮಾಡುತ್ತಾರೆ. ಮೂವರೂ ಮನೆಗೆ ಬರುತ್ತಾರೆ. ಸಸಿ ಕೊಟ್ಟ ನರ್ಸರಿಯವನ ಮೇಲೆ ತಪ್ಪು ಹೋಗುತ್ತದೆ. ಅವನೆಲ್ಲೋ ದೂರದವನು. ಹೀಗೆ ಯೋಚಿಸಿದಾಗ ಸ್ವಲ್ಪ ಹೊತ್ತು ಎದೆ ಹಗುರಾಗುತ್ತಿತ್ತು. ಆಮೇಲೆ ಬೇಲಿಯಾಚೆ ಯಾರಾದರೂ ಕೆಮ್ಮಿದರೂ ಸಾಕು, ಎದ್ದು ಒಳಗೆ ಹೋಗುತ್ತಿದ್ದ. ನರ್ಸಿಂಗ್ ಹೋಮಿನಲ್ಲಿ ಒಬ್ಬ ಮುದುಕನ ಎಡಗೈ ಬದಲು ಬಲಗೈಯ ಎಕ್ಸ್‌ರೇ ತೆಗೆದು ಬೈಸಿಕೊಂಡ. ಆ ರಾತ್ರಿಗಳಲ್ಲಿ ಟಾರ್ಪಾಲು ಬಿಚ್ಚಲಿಲ್ಲ. ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಶಾಮಲಮ್ಮ ಬಲ್ಬುಗಳನ್ನು ಉರಿಸುತ್ತಲೇ ಇದ್ದಳು. ಹತ್ತಕ್ಕೆ ಅವು ಹೊತ್ತಿಕೊಂಡರೆ ಆ ಬೆಳಕು ಮಲಗುವ ಕೋಣೆಯ ಗೋಡೆಗೆ ಬಂದು ಕೂರುತ್ತಿತ್ತು. ಅವನು ಗೋಡೆಗೆ ಬೆನ್ನು ಹಾಕಿ ಮಲಗುತ್ತಿದ್ದ.

ಶನಿವಾರ ರಾತ್ರಿ ಊಟ ಮುಗಿದ ಮೇಲೆ ಹೆಂಡತಿ ಆಶಾರಾಣಿ ಹಜಾರದ ಗೋಡೆಯ ಮುಂದೆ ನಿಂತಳು. ಅಲ್ಲಿ ಕುದುರೆತಲೆಯ ಎರಡು ಪಟಗಳಿದ್ದವು. ಕೋಲಾರದ ಸ್ಟುಡಿಯೋದಲ್ಲಿ ಅವನೇ ಅಚ್ಚು ಹಾಕಿಸಿ ತಂದಿದ್ದ.

"ಮೊದಲ್ನೇದ್ರಲ್ಲಿ ಈ ಕಡೆಯೆಲ್ಲಾ ಅರಿಶಿನ ಚೆಲ್ಲಿದ ಹಾಗಿದೆ. ಇನ್ನೊಂದ್ರಲ್ಲಿ ಇಲ್ಲ. ಎಲ್ಲಿ ಹೋಯ್ತು ಅದು?"

"ಸಾಫ್ಟ್‌ವೇರಲ್ಲಿ ತೆಗ್ದೆ."

"ಅದು ಸಾಫ್ಟ್‌ವೇರಲ್ಲಿ ಹೋಗಲ್ಲ ಅಂತ ಅವತ್ತು ನೀವೇ ಅಂದ್ರಿ. ಊಟನೂ ಮಾಡ್ಲಿಲ್ಲ ಅವತ್ತು."

ಅವಳು ಅವನತ್ತ ತಿರುಗಲಿಲ್ಲ. ಪಟವನ್ನೇ ನೋಡುತ್ತ ಕೇಳಿದಳು, "ಎಷ್ಟು ದಿನ?"

"ಹನ್ನೊಂದು."

"ಅಯ್ಯೋ ದೇವ್ರೇ." ಅವಳು ಕೂತುಬಿಟ್ಟಳು. "ನಾಳೆ ಏನು ಮಾಡ್ತೀರಾ?"

"ಎಲ್ರೂ ಮಾಡಿದ ಹಾಗೆ ಮಾಡ್ತೀನಿ. ನಾನು ನಂಬಲ್ಲ ಅಂತ ನಿಂಗೆ ಗೊತ್ತಲ್ಲ."

"ನೀವು ನಂಬಲ್ಲ. ವೆಂಕಟ್ ನಂಬ್ತಾನೆ."

"ನಂಬಿದ್ರೆ ಒಳ್ಳೇದೇ ಅಲ್ವಾ? ಅವನು ಮಾಡಿಲ್ಲ. ಧೈರ್ಯವಾಗಿ ಆಣೆ ಮಾಡ್ತಾನೆ. ಅವನಿಗೇನೂ ಆಗಲ್ಲ."

ಆಶಾರಾಣಿ ಅವನ ಮುಖ ನೋಡಿದಳು. ಹಾಗೆ ಅವಳು ಅವನನ್ನು ಹಿಂದೆಂದೂ ನೋಡಿರಲಿಲ್ಲ. "ನೀವೇ ಹೇಳ್ಬೇಕು," ಎಂದಳು. "ನಾನು ಹೇಳಲ್ಲ. ಆದ್ರೆ ಹೇಳ್ದೆ ಬಂದ್ರೆ ಆ ಪಟ ಈ ಗೋಡೆ ಮೇಲಿರಲ್ಲ."

ಭಾನುವಾರ ಟೆಂಪೋ ಆರೂವರೆಗೆ ಹೊರಟಿತು. ಮುಂದೆ ಡ್ರೈವರ್ ಪಕ್ಕ ಶಾಮಲಮ್ಮ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಹಿಂದೆ ಎದುರುಬದುರಾಗಿ ಮುರಳಿ ಮತ್ತು ವೆಂಕಟ್. ರಸ್ತೆಯ ಎರಡೂ ಕಡೆ ಮಂಜು. ಟೊಮೆಟೊ ಕ್ರೇಟು ತುಂಬಿದ ಲಾರಿಗಳು ಎದುರಿಗೆ ಬಂದು ಹೋಗುತ್ತಿದ್ದವು. ವೆಂಕಟ್ ಕುಡಿದಿರಲಿಲ್ಲ. ಕುಡಿಯದ ಅವನ ಮುಖವನ್ನು ಇಷ್ಟು ಹತ್ತಿರದಿಂದ ಮುರಳಿ ನೋಡಿದ್ದೇ ಕಡಿಮೆ. ಕೆನ್ನೆ ಒಳಕ್ಕೆ ಹೋಗಿ ಕಣ್ಣು ದೊಡ್ಡದಾಗಿತ್ತು.

ನಂಗಲಿಯಲ್ಲಿ ಟೀಗೆ ನಿಲ್ಲಿಸಿದರು. ಡ್ರೈವರ್ ಮತ್ತು ಶಾಮಲಮ್ಮ ಇಳಿದು ಹೋದರು. ವೆಂಕಟ್ ಇಳಿಯಲಿಲ್ಲ. ಅವನ ಕಾಲ ಹತ್ತಿರ ಒಂದು ರಸಗೊಬ್ಬರದ ಚೀಲವಿತ್ತು. ಬಾಯಿ ತೆರೆದುಕೊಂಡಿತ್ತು. ಒಳಗೆ ಮಡಿಸಿದ ಎರಡು ಶರಟು, ಒಂದು ಪಂಚೆ, ಸೋಪಿನ ಡಬ್ಬಿ.

"ಇದೇನೋ?"

"ನಾನು ವಾಪಸ್ ಬರಲ್ಲಣ್ಣ."

"ಯಾಕೋ? ಆಣೆ ಮಾಡಿದ್ರೆ ಆಯ್ತಲ್ಲ."

"ಮಾಡಕ್ಕಾಗಲ್ಲ." ವೆಂಕಟ್ ತಗ್ಗಿದ ದನಿಯಲ್ಲಿ, ಗೋಡೆಯಾಚೆ ಯಾರೋ ಕೇಳುತ್ತಿದ್ದಾರೆ ಎಂಬಂತೆ ಮಾತಾಡಿದ. "ಅಕ್ಕನಿಗೆ ಹೇಳಿಲ್ಲ, ನಿಂಗೆ ಹೇಳ್ತೀನಿ. ಆವಾಗ ಡಿಸೆಂಬರ್‌ನಲ್ಲಿ ಎರಡು ಗಂಟೆಗೆ ಎದ್ದು ಕೊಟ್ಟಿಗೆಯಿಂದ ಹೊರಗೆ ಬಂದ್ರೆ ಲೈಟ್ ಆರೇ ಇರ್ತಿತ್ತು. ಒಂದಿನ ಅಲ್ಲ, ದಿನಾ. ನಾನೇ ಮುಂಚೆ ಬಂದು ಆರಿಸಿ ಮರ್ತಿದೀನಿ ಅನ್ಕೊಂಡು ಹೋಗಿ ಮಲಗ್ತಿದ್ದೆ. ಆಮೇಲೆ ಒಂದಿನ ನಾಲ್ಕು ಗಂಟೆಗೆ ಹೊರಗೆ ಹೋಗಕ್ಕೆ ಎದ್ದೆ. ಎರಡಕ್ಕೆ ಆರಿಸಿ ಬಂದಿದ್ದೆ ಕಣಣ್ಣ, ಈ ಕೈಯಲ್ಲಿ ಆರಿಸಿ ಬಂದಿದ್ದೆ. ನೋಡಿದ್ರೆ ಹೊಲವೆಲ್ಲಾ ಧಗಧಗ ಉರೀತಿದೆ."

ಮುರಳಿ ಹೊರಗಿನ ಹೋಟೆಲಿನತ್ತ ನೋಡಿದ.

"ಅವತ್ತಿಂದ ಕುಡಿಯೋದು ಬಿಟ್ಟೆ. ಆರಿಸಿದಾಗೆಲ್ಲಾ ನಿಮ್ಮ ಪಂಪಿನ ರೂಮಲ್ಲಿ ಇದ್ದಿಲಲ್ಲಿ ಒಂದು ಗೀಟು ಎಳೀತಿದ್ದೆ. ನಾಲ್ಕಕ್ಕೆ ಎದ್ದು ಹೋಗಿ ನೋಡ್ತಿದ್ದೆ. ಗೀಟು ಇರ್ತಿತ್ತು. ಮತ್ತೆ ಲೈಟೂ ಉರೀತಿರ್ತಿತ್ತು. ಕುಡಿದಿಲ್ಲ, ನಿದ್ದೆಗಣ್ಣಲ್ಲ. ಅಂದ್ರೇನು? ನಮ್ಮ ಚಿಕ್ಕಪ್ಪನಿಗೆ ಹಿಂಗೇ ಶುರುವಾಗಿದ್ದು. ತಾನು ಮಾಡಿದ್ದು ತನಗೇ ಗೊತ್ತಾಗ್ತಿರ್ಲಿಲ್ಲ. ಕೊನೆಗೆ ಕಂಬಕ್ಕೆ ಕಟ್ಟಿ ಹಾಕ್ತಿದ್ರು. ನಾನು ಚಿಕ್ಕೋನಿದ್ದೆ, ತಟ್ಟೆ ತಗೊಂಡು ಹೋಗಿ ಊಟ ಇಡ್ತಿದ್ದೆ." ಅವನು ಅಂಗೈಯಿಂದ ಮೂಗು ಒರೆಸಿಕೊಂಡ. "ನಾನೇ ಮಾಡಿರ್ಬೇಕು. ಮಾಡಿಲ್ಲ ಅಂತ ದೇವರ ಮುಂದೆ ಹೆಂಗೆ ನಿಂತ್ಕೊಳ್ಳಿ? ನಾನೇ ಆರಿಸಿದ್ದು ಅಂತ ಹೇಳಿಬಿಟ್ಟು ತಿರುಪತಿ ಕಡೆ ಹೋಟೆಲ್ ಕೆಲಸಕ್ಕೆ ಹೋಗ್ತೀನಿ. ಪೂರ್ತಿ ಕೆಡೋ ಮುಂಚೆ ಹೋಗ್ಬೇಕು. ಅಕ್ಕ ನನ್ನ ಕಟ್ಟಿ ಹಾಕೋ ಹಾಗೆ ಆಗ್ಬಾರ್ದು."

ದಾರಿ ತಾನಾಗಿಯೇ ತೆರೆದುಕೊಂಡಿತ್ತು. ಮುರಳಿ ಸುಮ್ಮನೆ ಕೂತಿದ್ದರೆ ಸಾಕು. ಆಣೆಯೂ ಬೇಡ, ಸುಳ್ಳೂ ಬೇಡ. ಮಧ್ಯಾಹ್ನಕ್ಕೆ ಮನೆ. ನಾಲ್ಕು ದಿನ ಅವನು ಹೆದರಿದ್ದೆಲ್ಲ ಸಿಕ್ಕಿಬೀಳುವುದಕ್ಕೆ. ಈಗ ಸಿಕ್ಕಿಬೀಳುವ ಭಯ ಹೋಗಿತ್ತು. ಆದರೆ ಎದುರಿಗೆ ಕೂತಿದ್ದವನು ತನ್ನ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಅವು ಬೇರೆ ಯಾರದೋ ಕೈಗಳೇನೋ ಎಂಬಂತೆ ನೋಡುತ್ತಿದ್ದ.

"ನಾನು ಕಣೋ," ಎಂದ ಮುರಳಿ.

"ಏನು?"

"ಆರಿಸ್ತಿದ್ದಿದ್ದು. ನೀನು ಕೊಟ್ಟಿಗೆಗೆ ಹೋದ ಮೇಲೆ. ನಾನು."

ವೆಂಕಟ್ ಅವನ ತುಟಿಗಳನ್ನೇ ನೋಡಿದ. "ದಿನಾನಾ?"

"ಹನ್ನೊಂದು ದಿನ."

"ನಾಲ್ಕಕ್ಕೆ ಉರೀತಿದ್ದಿದ್ದು?"

"ಅದೂ ನಾನೇ. ನೀನು ಆರಿಸಿ ಹೋದ್ಮೇಲೆ ಮತ್ತೆ ಹಾಕ್ತಿದ್ದೆ."

"ಗೀಟು ಎಳೆದ ದಿನಾನೂ?"

"ಹೂಂ."

ವೆಂಕಟ್ ಎದ್ದ. ಟೆಂಪೋ ಅಲುಗಿತು. ಮುರಳಿಯ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆದ. ಹೊಡೆಯುತ್ತಾನೆ ಎಂದುಕೊಂಡು ಮುರಳಿ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ವೆಂಕಟ್ ಅಳುತ್ತಿದ್ದ. ಅಳುತ್ತಲೇ ನಗುತ್ತಿದ್ದ.

"ಅಂಗಾದ್ರೆ ನನ್ನ ತಲೆ ಸರಿಗಿದೆ! ಲೇ, ನನ್ನ ತಲೆ ಸರಿಗಿದೆಯಲ್ಲೋ!" ಅಣ್ಣ ಎನ್ನುವುದು ಬಿಟ್ಟುಹೋಗಿತ್ತು. "ನಾಲ್ಕು ದಿನದಿಂದ ಅನ್ನ ಒಳಗೆ ಹೋಗಿಲ್ಲ ನಂಗೆ, ಪಾಪಿ ನನ್ಮಗನೇ." ಕೊರಳಪಟ್ಟಿ ಬಿಟ್ಟು, ಕಣ್ಣೊರೆಸಿಕೊಂಡು ಕೆಳಗೆ ಹಾರಿದ. "ನೀನೇ ಹೋಗಿ ಹೇಳು. ನಾನು ಹೇಳಿದ್ರೆ ಅಕ್ಕ ನಂಬಲ್ಲ." ಅವನು ನೇರ ಹೋಟೆಲಿನ ಬಾಣಲೆಯ ಹತ್ತಿರ ಹೋಗಿ, ನಾಲ್ಕು ಬೋಂಡ ಕಟ್ಟಿಸಿಕೊಳ್ಳುತ್ತ, ಅಲ್ಲೇ ನಿಂತು ಐದನೆಯದನ್ನು ತಿನ್ನತೊಡಗಿದ.

ಶಾಮಲಮ್ಮ ಟೀ ಲೋಟ ಹಿಡಿದು ಮೈಲಿಗಲ್ಲಿನ ಹತ್ತಿರ ನಿಂತಿದ್ದಳು. ಹತ್ತು ಹನ್ನೆರಡು ಹೆಜ್ಜೆಯ ದೂರ. ಮುರಳಿಗೆ ತನ್ನ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಹೇಳಿದ. ಎಲ್ಲವನ್ನೂ ಹೇಳಿದ. ಅಮಾವಾಸ್ಯೆ, ಸ್ವಿಚ್ಚು, ವಾಪಸು ಕೊಟ್ಟ ಬೆಳಕು. ಅವಳು ಲೋಟವನ್ನು ಕಲ್ಲಿನ ಮೇಲಿಟ್ಟಳು.

"ಯಾಕೆ?"

"ಒಂದು ಮೋಡ ಇದೆ ಅಕ್ಕ. ನಕ್ಷತ್ರಗಳ ಮಧ್ಯೆ. ಅದರದು ಫೋಟೋ."

"ಮೋಡ."

"ಹೂಂ."

"ಓಡಿಹೋಗ್ತಿತ್ತಾ ಅದು?"

"ಇಲ್ಲ."

"ಮುಂದಿನ ವರ್ಷ ಇರಲ್ವಾ?"

"ಇರುತ್ತೆ."

"ಅದರ ಮುಂದಿನ ವರ್ಷ?"

ಎಷ್ಟು ಲಕ್ಷ ವರ್ಷ ಇರುತ್ತದೆಂದು ಅವನಿಗೆ ಗೊತ್ತಿತ್ತು. ಹೌದೆಂದು ತಲೆ ಮಾತ್ರ ಆಡಿಸಿದ.

"ಗಿಡ ಎತ್ತರ ಆದ ಮೇಲೆ ನಾವೇ ಆರಿಸ್ತಿದ್ವಲ್ಲೋ," ಎಂದಳು ಶಾಮಲಮ್ಮ. "ಇನ್ನೊಂದು ತಿಂಗಳು."

ಅವನು ಬೈಗುಳಕ್ಕಾಗಿ ಕಾದ. ಸಿಟ್ಟು ಬಂದರೆ ಅವಳು ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಾಳೆ, ಮೂರು ತಲೆಮಾರನ್ನು ಎಳೆದು ತರುತ್ತಾಳೆ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತದೆ ಎಂದು ಊರಿಗೆಲ್ಲ ಗೊತ್ತು. ಅವಳು ಬೈಯಲಿಲ್ಲ. ಹೋಟೆಲಿನ ಮುಂದೆ ಎರಡೂ ಕೆನ್ನೆ ಉಬ್ಬಿಸಿಕೊಂಡು ತಿನ್ನುತ್ತಿದ್ದ ತಮ್ಮನನ್ನು ಒಮ್ಮೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಟೆಂಪೋದತ್ತ ನಡೆದಳು.

"ವಾಪಸ್ ತಿರುಗಿಸ್ಲಾ ಅಮ್ಮ?" ಎಂದು ಕೇಳಿದ ಡ್ರೈವರ್. ಅವನಿಗೂ ಕೇಳಿಸಿತ್ತು.

"ಯಾಕೆ? ಕಾಣಿಪಾಕಕ್ಕೇ ನಡಿ." ಆಮೇಲೆ ಮುರಳಿಯತ್ತ ತಿರುಗಿ, ಕೆಲಸದವರಿಗೆ ಸಾಲು ತೋರಿಸುವಾಗಿನ ಅದೇ ಸಮಾಧಾನದ ದನಿಯಲ್ಲಿ ಹೇಳಿದಳು: "ಗಾಡಿ ಹತ್ತು. ಈಗ ನಂಗೆ ಹೇಳಿದ್ದನ್ನೇ ಅಲ್ಲೂ ಹೇಳು. ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೇಲಿ ನಿಂತ್ಕೊಂಡು, ಗಟ್ಟಿಯಾಗಿ. ವೆಂಕಟ್ ಪಕ್ಕದಲ್ಲಿ ನಿಂತು ಕೇಳಿಸ್ಕೊಳ್ಲಿ. ನಾಳೆ ಬೆಳಿಗ್ಗೆ ಗಿಡ ಕೀಳಕ್ಕೆ ಬಾ. ಎಲ್ಲಾ ಗಿಡಾನೂ ನೀನೇ ಕೀಳ್ತೀಯ. ಆಮೇಲೆ ಏನು ಅಂತ ನಾನಿನ್ನೂ ಯೋಚ್ನೆ ಮಾಡಿಲ್ಲ."

ಅವನು ಹತ್ತಿದ. ಟೆಂಪೋ ಹೊರಟಿತು. ಗಡಿ ದಾಟುತ್ತಿದ್ದಂತೆ ರಸ್ತೆಯ ಬೋರ್ಡುಗಳು ತೆಲುಗಿಗೆ ತಿರುಗಿದವು. ವೆಂಕಟ್ ಎದುರಿಗೆ ಕೂತು ಎಣ್ಣೆಗೈಯಲ್ಲಿ ಬೋಂಡ ಮುರಿದು ತಿನ್ನುತ್ತಿದ್ದ. ಕಾಗದದ ಪೊಟ್ಟಣವನ್ನು ಮುರಳಿಯ ಕಡೆ ಚಾಚಲಿಲ್ಲ. ಮುಂದಿನ ಸೀಟಿನಲ್ಲಿ ಶಾಮಲಮ್ಮನ ತುರುಬು ಅಲುಗದೆ ನೆಟ್ಟಗಿತ್ತು. ಒಂದು ಸಲವಾದರೂ ಅವಳು ಹಿಂತಿರುಗಿ ನೋಡುತ್ತಾಳೇನೋ ಎಂದು ಮುರಳಿ ಪಲಮನೇರಿನವರೆಗೂ ಕಾದ. ಅವಳು ನೋಡಲಿಲ್ಲ. ಅವನು ಕೈಗಳನ್ನು ತೊಡೆಗಳ ನಡುವೆ ಸೇರಿಸಿಕೊಂಡು, ಕೊಳದ ನೀರು ಎಷ್ಟು ತಣ್ಣಗಿರುತ್ತದೋ ಎಂದು ಯೋಚಿಸತೊಡಗಿದ.